ಕಿವಿಯ ಹತ್ತಿ

ನಾನು ಶಾಲೆ ಬಿಟ್ಟದ್ದು ೧೯೫೪ರಲ್ಲಿ. ಆರನೆಯ ಇಯತ್ತೆ ಮುಗಿದಿತ್ತು, ಏಳಕ್ಕೆ ಹೆಸರು ಹಚ್ಚಿದ್ದರು. ಅಷ್ಟರಲ್ಲಿ ಮಗ್ಗದ ಮೇಲೆ ಅಪ್ಪನ ಕೈ ನಡುಗಲು ಶುರುವಾಯಿತು. ಬೆಟಗೇರಿಯ ಮಿಷನ್ ಶಾಲೆಯ ಹೆಡ್ ಮಾಸ್ತರರ ಹತ್ತಿರ ನಾನೇ ಹೋಗಿ, ನಾಳೆಯಿಂದ ಬರುವುದಿಲ್ಲ ಎಂದು ಹೇಳಿದೆ. "ಇನ್ನೊಂದು ವರ್ಷ ಕಲಿಯೋ" ಎಂದರು. "ಕಲೀತೀನ್ರಿ, ಮಗ್ಗದ ಮ್ಯಾಲ" ಎಂದೆ. ಹದಿಮೂರು ವರ್ಷದವನ ಬಾಯಿಗೆ ಅದು ದೊಡ್ಡ ಮಾತು. ಆದರೆ ಆ ಮಾತನ್ನು ಉಳಿಸಿಕೊಂಡಿದ್ದೇನೆ. ಓದಿದವರೆದುರು ತಲೆ ತಗ್ಗಿಸಿದವನಲ್ಲ, ಓದದವರೆದುರು ಬೀಗಿದವನೂ ಅಲ್ಲ. ದುಡಿದಿದ್ದೇನೆ, ತಿಂದಿದ್ದೇನೆ.

ಮೊನ್ನೆ ಮುಂಬಯಿಯ ಅಂಧೇರಿಯ ಮನೆಯಲ್ಲಿ ಮೊಮ್ಮಗಳು ಗಂಜಿ ಹಾಕಿದ ಹತ್ತಿ ಸೀರೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡುತ್ತಿದ್ದಳು. ಪೆಟ್ಟಿಗೆ ತಾಗಿದೊಡನೆ ಹಬೆ ಎದ್ದಿತು. ಹಸಿ ನೂಲು, ಗಂಜಿ, ಬಿಸಿ ಹಬೆ. ನಾನು ಕುರ್ಚಿಯಿಂದ ಎದ್ದು ಹೋಗಿ ಮೇಜಿನ ಪಕ್ಕ ನಿಂತುಬಿಟ್ಟೆ.

"ಅಜ್ಜಾ, ಸೀರೆ ಸ್ಮೆಲ್ ಯಾಕೆ ಮಾಡ್ತಾ ಇದ್ದೀರಿ?" ಎಂದು ನನ್ನ ಕಿವಿಯ ಹತ್ತಿರ ಬಂದು ಕೂಗಿದಳು.

"ಇದು ಸಾಂಚಾ ಖಾತೆ ವಾಸನಿ" ಎಂದೆ.

"ಸಾಂಚಾ ಮತಲಬ್?"

ಸಾಂಚಾ ಎಂದರೆ ಮಿಲ್ಲಿನ ಮಗ್ಗ. ಮುಂಬಯಿಯ ಮಿಲ್ಲುಗಳಲ್ಲಿ ಎಲ್ಲ ಭಾಷೆಯವರೂ ಹಾಗೆಯೇ ಅನ್ನುತ್ತಿದ್ದರು. ಆ ಹುಡುಗಿಗೆ ಅಷ್ಟೇ ಹೇಳಿದೆ. ಅವಳಿಗೆ ಕಾಲೇಜಿಗೆ ಹೊತ್ತಾಗಿತ್ತು. ಆದರೆ ವಾಸನೆ ಹೋಗಲಿಲ್ಲ. ಎಪ್ಪತ್ತನೆಯ ಇಸವಿಯ ಮಳೆಗಾಲವನ್ನು ಅದು ತಂದು ನನ್ನ ಮುಂದೆ ಇಟ್ಟಿತು.

ಬೆಟಗೇರಿ ಬಿಟ್ಟು ಮುಂಬಯಿಗೆ ಬಂದು ನಾನು ಆಗ ಲೋವರ್ ಪರೇಲದ ಒಂದು ಮಿಲ್ಲಿನಲ್ಲಿ ನೇಕಾರನಾಗಿದ್ದೆ. ಉದ್ದನೆಯ ಶೆಡ್ಡು, ಅದರೊಳಗೆ ನೂರಾರು ಸಾಂಚಾ. ನೂಲು ಹರಿಯಬಾರದೆಂದು ಒಳಗೆ ಸದಾ ಹಬೆ ಬಿಡುತ್ತಿದ್ದರು. ಮಳೆಗಾಲದಲ್ಲಿ ಹೊರಗೂ ಒಳಗೂ ಒಂದೇ. ಮೈಮೇಲಿನ ಬನಿಯನ್ ಪಾಳಿ ಮುಗಿಯುವವರೆಗೂ ಒಣಗುತ್ತಿರಲಿಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದು ಎಂಥದೆಂದರೆ, ಪಕ್ಕದವನು ಕಿವಿಗೆ ಬಾಯಿ ಹಚ್ಚಿ ಒದರಿದರೂ ಕೇಳಿಸದು. ಆದ್ದರಿಂದ ಅಲ್ಲಿ ಯಾರೂ ಒದರುತ್ತಿರಲಿಲ್ಲ. ದನಿ ಇಲ್ಲದೆ ತುಟಿ ಆಡಿಸುತ್ತಿದ್ದರು. ಎದುರಿನವನು ತುಟಿ ಓದಿಕೊಳ್ಳುತ್ತಿದ್ದ. ಮನೆಯ ಸುದ್ದಿ, ಕೆಲಸದ ಮೇಲ್ವಿಚಾರಕ ಜಾಬರನ ಮೇಲಿನ ಬೈಗುಳ, ಊರಿನ ಮಳೆ ಬೆಳೆ ಎಲ್ಲವೂ ತುಟಿಯಲ್ಲೇ. ಹೊಸಬನಿಗೆ ಆರು ತಿಂಗಳಾದರೂ ಬೇಕು. ಆಮೇಲೆ ಅದು ಎಷ್ಟು ಅಂಟಿಕೊಳ್ಳುತ್ತದೆಂದರೆ, ಹೊರಗೆ ಬಂದ ಮೇಲೂ ಬಾಯಿಗೆ ದನಿ ಸೇರಿಸುವುದು ಮರೆತುಹೋಗುತ್ತದೆ. ಚಹಾದ ಅಂಗಡಿಯಲ್ಲಿ ನಾಲ್ಕು ಜನ ಸಾಂಚಾದವರು ಕೂತಿದ್ದರೆ, ಉಡುಪಿ ಕಡೆಯ ಆ ಅಂಗಡಿಯವನು "ಮೂಕರ ಸಭೆ ಬಂತು ಮಾರಾಯ, ನಾಲ್ಕು ಚಾ" ಎಂದು ಒಳಗೆ ಕೂಗುತ್ತಿದ್ದ.

ಕಿವಿಗೆ ನಾವು ಹತ್ತಿ ಇಟ್ಟುಕೊಳ್ಳುತ್ತಿದ್ದೆವು. ಕೆಳಗೆ ಬಿದ್ದ ನೂಲಿನ ಕಸವನ್ನೇ ಬೆರಳಲ್ಲಿ ಉಂಡೆ ಮಾಡಿ ತುರುಕಿಕೊಳ್ಳುವುದು. ಪಾಳಿ ಬಿಟ್ಟಾಗ ತೆಗೆದು ಎಸೆಯುವುದು.

ಆ ವರ್ಷ ಏಪ್ರಿಲ್‌ನಲ್ಲಿ ನನ್ನ ಹೆಂಡತಿ ಶಾಂತ ತೀರಿಕೊಂಡಳು. ಕಾಮಾಲೆ ಎಂದರು. ಆಸ್ಪತ್ರೆಗೆ ನಡೆದುಕೊಂಡೇ ಹೋದವಳು ತಿರುಗಿ ಬರಲಿಲ್ಲ. ಮಣ್ಣು ಕೊಟ್ಟು ಬಂದ ಮರುದಿನವೇ ನಾನು ಪಾಳಿಗೆ ಹೋದೆ. ಜನ ಏನೆಂದರೋ ಗೊತ್ತಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಊಟ ರುಚಿಸುತ್ತಿತ್ತು ಎಂದು ಹೇಳಲಾರೆ, ರುಚಿಸುತ್ತಿರಲಿಲ್ಲ ಎಂದೂ ಹೇಳಲಾರೆ. ಕೈ ಮರಗಟ್ಟಿದಾಗ ಚಿವುಟಿಕೊಂಡರೆ ಯಾರದೋ ಕೈ ಚಿವುಟಿದಂತೆ ಇರುತ್ತದಲ್ಲ, ಒಳಗೆಲ್ಲ ಹಾಗಿತ್ತು. ಸಮಾಧಾನ ಹೇಳಲು ಬರುವವರ ಮಾತು ಬೇಡವಾಗಿ, ಪಾಳಿ ಬಿಟ್ಟ ಮೇಲೂ ಕಿವಿಯ ಹತ್ತಿಯನ್ನು ತೆಗೆಯದೆ, ನಮ್ಮ ಒಂದು ಕೋಣೆಯ ಮನೆಯಿದ್ದ ಚಾಳಿಗೆ ಬರತೊಡಗಿದೆ. ಅದು ಹಾಗೆಯೇ ರೂಢಿಯಾಯಿತು.

ಮನೆಯಲ್ಲಿ ಉಳಿದವರು ಇಬ್ಬರು. ನಾನು ಮತ್ತು ನಾಲ್ಕು ವರ್ಷದ ಮಗಳು ಎಸ್ತೇರ್.

ಪಾಳಿಯ ಹೊತ್ತಿಗೆ ಅವಳನ್ನು ಕೆಳಗಿನ ಮಹಡಿಯ ಒಬ್ಬ ಮುದುಕಿಯ ಹತ್ತಿರ ಬಿಡುತ್ತಿದ್ದೆ. ತಿಂಗಳಿಗೆ ಇಷ್ಟು ಎಂದು ಕೊಡುತ್ತಿದ್ದೆ. ನಮ್ಮ ಪಕ್ಕದ ಕೋಣೆಯಲ್ಲೇ ಸಾವಂತ್ ಮಾವಶಿ ಇದ್ದರು. ರತ್ನಾಗಿರಿ ಕಡೆಯವರು, ಗಂಡ ಮುಂಬಯಿಯ ಸಿಟಿ ಬಸ್ಸಿನಲ್ಲಿ, ಬೆಸ್ಟ್‌ನಲ್ಲಿ, ಕಂಡಕ್ಟರ್. ಶಾಂತಳಿಗೆ ಅವರು ತಾಯಿಯ ಹಾಗಿದ್ದರು. ಅವಳಿಂದ ಕನ್ನಡದ ನಾಲ್ಕು ಶಬ್ದ ಕಲಿತು ತಮ್ಮ ಮರಾಠಿಯೊಳಗೆ ಸೇರಿಸಿಕೊಂಡು ನಮ್ಮ ಮೇಲೆಯೇ ಪ್ರಯೋಗಿಸುತ್ತಿದ್ದರು. "ಹುಡುಗೀಲಾ ಮಾಝ್ಯಾಕಡೇ ಬಿಡು ರೇ, ಸೀಮೋನ್" ಎಂದು ಮೊದಲ ದಿನವೇ ನನಗೆ ಹೇಳಿದ್ದರು, ಹುಡುಗಿಯನ್ನು ನನ್ನ ಹತ್ತಿರ ಬಿಡು ಎಂದು. ಆದರೆ ಅವರು ದುಡ್ಡು ಮುಟ್ಟುವವರಲ್ಲ. ದುಡ್ಡು ಮುಟ್ಟದವರ ಹತ್ತಿರ ನಾನು ಕೆಲಸ ಮಾಡಿಸಿಕೊಳ್ಳುವವನಲ್ಲ. ಅವರು ಭಾಕರಿ ಪಲ್ಲೆ ಕಳಿಸಿದರೆ ತಟ್ಟೆಯನ್ನು ತೊಳೆದು, ಅದರಲ್ಲಿ ಸಕ್ಕರೆ ತುಂಬಿ ವಾಪಸು ಕೊಡುತ್ತಿದ್ದೆ. ಒಂದು ದಿನ ಅವರು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು, "ಕಾಯ್ ರೇ, ತೂ ವಾಣೀ ಆಹೇಸ್ ಕಾ? ಇತ್ಕೀ ಸಾಖರ್! ಮಾಝಾ ನವರಾ ಚಾ ಪಿವೂನ್ ಪಿವೂನ್ ಮರಣಾರ್" ಎಂದರು. ನೀನೇನು ಕಿರಾಣಿ ಅಂಗಡಿಯವನೇ, ಇಷ್ಟು ಸಕ್ಕರೆಗೆ ಚಹಾ ಕುಡಿದು ಕುಡಿದು ನನ್ನ ಗಂಡ ಸಾಯಬೇಕು, ಎಂದು. ನಾನು ನಗಲಿಲ್ಲ. ನಗು ಬರುವ ಜಾಗವೂ ಮರಗಟ್ಟಿತ್ತು.

ಮೇ ತಿಂಗಳ ಕೊನೆಗೆ ಬೆಟಗೇರಿಯಿಂದ ನನ್ನ ಅಕ್ಕ ಮಾರ್ಥಳ ಕಡೆಯಿಂದ ಸುದ್ದಿ ಬಂತು. ಅವಳಿಗೆ ಮಕ್ಕಳಿಲ್ಲ. ಎಸ್ತೇರಳನ್ನು ತನಗೆ ಕೊಟ್ಟುಬಿಡು, ಶ್ರಾವಣದ ಹೊತ್ತಿಗೆ ಬಂದು ಕರೆದುಕೊಂಡು ಹೋಗುತ್ತೇನೆ, ನೀನೂ ಇನ್ನೊಂದು ಮದುವೆ ಮಾಡಿಕೋ ಎಂದು. ಕೊಡುವುದೆಂದರೆ ಸುಮ್ಮನೆ ಬಿಟ್ಟು ಬರುವುದಲ್ಲ. ಅಕ್ಕನ ಮನೆಯ ಮಗಳಾಗಿ ಬೆಳೆಯುವುದು. ವರ್ಷಕ್ಕೊಮ್ಮೆ ಕ್ರಿಸ್‌ಮಸ್‌ಗೆ ಹೋದಾಗ ನಾನು ಅವಳಿಗೆ ಮಾಮಾ.

ಇಡಲೋ, ಕೊಡಲೋ. ಮನುಷ್ಯರನ್ನು ಕೇಳುವ ಸ್ವಭಾವ ನನ್ನದಲ್ಲ. ದೇವರನ್ನೇ ಕೇಳುತ್ತೇನೆ ಎಂದು ನಿಶ್ಚಯಿಸಿದೆ.

ನಮ್ಮ ಅವ್ವ ಕಲಿಸಿದ ಪದ್ಧತಿ ಒಂದಿತ್ತು. ಬೆಳಗ್ಗೆ ಯಾರೂ ಏಳುವ ಮುಂಚೆ ಮೊಣಕಾಲೂರಿ, ಕೇಳಬೇಕಾದದ್ದನ್ನು ಕೇಳಿ, ಆಮೇಲೆ ಸುಮ್ಮನೆ ಕೂಡಬೇಕು. ಕರ್ತನು ಒಳಗೆ ಮಾತಾಡುತ್ತಾನೆ. ಬೆಟಗೇರಿಯಲ್ಲಿ ಅವ್ವನಿಗೆ ಅದು ಸಾಧ್ಯವಿತ್ತು. ನಮ್ಮ ಚಾಳಿನಲ್ಲಿ ಯಾರೂ ಏಳುವ ಮುಂಚೆ ಎಂಬ ಹೊತ್ತೇ ಇರಲಿಲ್ಲ. ಮೂರನೆಯ ಪಾಳಿಯವರು ಮಲಗಲು ಬರುವಾಗ ಮೊದಲ ಪಾಳಿಯವರು ಏಳುತ್ತಿದ್ದರು. ನಲ್ಲಿಗೆ ನೀರು ಬಂತೆಂದರೆ ಕೊಡಗಳ ಸಾಲು, ಸಾಲಿನಲ್ಲಿ ಜಗಳ, ಸ್ಟವ್ವುಗಳ ಬುಸುಗುಟ್ಟುವಿಕೆ, ಯಾರದೋ ರೇಡಿಯೊ, ಮೇಲೆ ಪಾಳಿಗೆ ಕರೆಯುವ ಮಿಲ್ಲುಗಳ ಭೋಂಗಾ ಒಂದರ ಹಿಂದೊಂದು. ನಾನು ಕಿವಿಗೆ ಹತ್ತಿ ಇಟ್ಟುಕೊಂಡೇ ಮೊಣಕಾಲೂರುತ್ತಿದ್ದೆ. ತುಟಿ ಆಡಿಸಿ ಕೇಳುತ್ತಿದ್ದೆ, ಕರ್ತನೇ, ಇಡಲೋ ಕೊಡಲೋ. ಆಮೇಲೆ ಸುಮ್ಮನೆ ಕೂಡುತ್ತಿದ್ದೆ. ಏನೂ ಬರುತ್ತಿರಲಿಲ್ಲ. ಬರೀ ಇವತ್ತು ಸಾಂಚಾದ ಹಾಸುನೂಲು ಬದಲಿಸಬೇಕು, ಸೀಮೆ ಎಣ್ಣೆ ತೀರಿದೆ, ಮಗುವಿನ ತಲೆ ಬಾಚಬೇಕು ಎಂಬ ಯೋಚನೆ. ಮಗಳು ಎದ್ದು ಕೂತು ನನ್ನ ತುಟಿಯನ್ನೇ ನೋಡುತ್ತಿರುತ್ತಿದ್ದಳು.

ಒಂದು ದಿನ ಕಣ್ಣು ಮುಚ್ಚಿ ಸತ್ಯವೇದವನ್ನು ತೆರೆದು ಬೆರಳಿಟ್ಟೆ. ನಮ್ಮ ಕಡೆಯ ಕ್ರೈಸ್ತರಲ್ಲಿ ಹಾಗೆ ವಚನ ತೆಗೆಯುವ ರೂಢಿ ಉಂಟು. ಬೆರಳು ಕೂತದ್ದು ಯಾರು ಯಾರನ್ನು ಪಡೆದರು ಎಂಬ ವಂಶಾವಳಿಯ ಮೇಲೆ. ಬರೀ ಹೆಸರುಗಳು. ಇನ್ನೊಮ್ಮೆ ತೆಗೆಯಬಾರದು, ಅದು ದೇವರನ್ನು ಪರೀಕ್ಷಿಸಿದಂತೆ. ಪುಸ್ತಕ ಮುಚ್ಚಿ ಪಾಳಿಗೆ ಹೋದೆ.

ನಿಶ್ಶಬ್ದ ಸಿಕ್ಕರೆ ಕೇಳಿಸೀತು ಎಂದುಕೊಂಡೆ. ಜೂನಿನ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಲೋಕಲ್ ಹತ್ತಿ, ಅಂಧೇರಿಯಲ್ಲಿ ಇಳಿದು, ಬಸ್ಸು ಹಿಡಿದು ಪವಾಯಿ ಕೆರೆಗೆ ಹೋದೆ. ಆಗ ಆ ಕಡೆ ಬರೀ ಗುಡ್ಡ, ಹುಲ್ಲು, ನೀರು. ಮಳೆ ನಿಂತು ಮೋಡ ಕೆಳಗಿಳಿದಿತ್ತು. ಕೆರೆಯ ದಂಡೆಯ ಕಲ್ಲಿನ ಮೇಲೆ ಕೂತು ಹತ್ತಿ ತೆಗೆದೆ. ಒಂದು ನರಪಿಳ್ಳೆಯೂ ಇಲ್ಲ. ಆದರೆ ನನ್ನ ಕಿವಿಯೊಳಗೆ ಸಾಂಚಾ ಓಡುತ್ತಿತ್ತು. ಅಷ್ಟು ವರ್ಷ ಕೇಳಿದ ಸದ್ದು ಒಳಗೇ ಮನೆ ಮಾಡಿತ್ತು. ಹೊರಗೆ ನಿಶ್ಶಬ್ದವಾದಷ್ಟೂ ಅದು ಜೋರಾಯಿತು. ಹತ್ತಿಯನ್ನು ತಿರುಗಿ ಕಿವಿಗೆ ಇಟ್ಟುಕೊಂಡೆ.

ಎಸ್ತೇರ್ ನನ್ನ ಅಂಗಿ ಜಗ್ಗಿ ಮುಖ ನೋಡಿದಳು. ನೀರಾಗ ಏನದ ಎಂದಳು. ಮೀನು ಎಂದೆ. ಅವು ಎಲ್ಲಿ ಮಲಗತಾವ? ನೀರಾಗ. ಅವ್ವ ಎಲ್ಲಿ ಮಲಗ್ಯಾಳ? ಮಣ್ಣಾಗ. ಆಮೇಲೆ ಕಪ್ಪೆಯ ಬಗ್ಗೆ ಕೇಳಿದಳು, ಗುಡ್ಡದ ಆಚೆ ಏನಿದೆ ಎಂದು ಕೇಳಿದಳು. ಆ ದಿನ ನಾವಿಬ್ಬರೂ ಬಹಳ ಮಾತಾಡಿದೆವು ಎಂದೇ ನಾನು ತಿಳಿದಿದ್ದೆ.

ಮರುದಿನ ಮಿಲ್ಲಿನಲ್ಲಿ ಪಕ್ಕದ ಸಾಂಚಾದ ಭೀಮಪ್ಪ ಹರಿದ ನೂಲು ಕಟ್ಟುತ್ತ ಕಟ್ಟುತ್ತ ತುಟಿಯಲ್ಲೇ ವಿಚಾರಿಸಿದ. ಅವನು ವಿಜಾಪುರದ ಕಡೆಯವನು. ಮಿಲ್ಲಿನಲ್ಲಿ ನಾನು ಮಾತಾಡುತ್ತಿದ್ದುದು ಅವನೊಬ್ಬನ ಜೊತೆಗೆ.

"ಏನಲೇ ಸೀಮ್ಯಾ, ನಿನ್ನೆ ದೇವ್ರ ಭೆಟ್ಟಿಗೆ ಪವಾಯಿಗೆ ಹೋಗಿದ್ದೆಂತ. ಸಿಕ್ಕನೇನು?"

"ಇಲ್ಲ."

"ಸುಟ್ಟಿ ದಿವಸ ಯಾವ ಸಾಹೇಬ ಸಿಗತಾನಲೇ? ಕೆಲಸದ ದಿವಸ ಹೋಗಬೇಕಾಗಿತ್ತು."

"ನಿನ್ನ ಕೆಲಸ ನೋಡಿಕೋ."

"ನಮ್ಮ ದೇವ್ರೂ ಹಂಗ. ಖೋಲಿ ಬಾಡಿಗಿ ಕೊಡೂ ದಿವಸ ಎಷ್ಟು ಕರದ್ರೂ ಓ ಅನ್ನಾಂಗಿಲ್ಲ" ಎಂದು ಹಲ್ಲು ಕಿರಿದ. ಅಷ್ಟರಲ್ಲಿ ಜಾಬರ್ ಬಂದ. ಭೀಮಪ್ಪನ ತುಟಿ ಮುಚ್ಚಿತು.

ನಮ್ಮ ಕನ್ನಡ ಸಭೆಗೆ ಸ್ವಂತ ಚರ್ಚು ಇರಲಿಲ್ಲ. ಮರಾಠಿಯವರ ಆರಾಧನೆ ಮುಗಿದ ಮೇಲೆ ಅವರ ಚರ್ಚಿನಲ್ಲೇ ಸಾಯಂಕಾಲ ನಾವು ಕೂಡುತ್ತಿದ್ದೆವು. ಧಾರಾವಿ, ಸಾಯನ್, ಪರೇಲದಿಂದ ಬರುವ ನೇಕಾರರು, ರೈಲ್ವೆಯವರು, ಆಸ್ಪತ್ರೆಯ ಆಯಾಗಳು. ನಡೆಸುತ್ತಿದ್ದವರು ಉಪದೇಶಿ ಯೋನಪ್ಪನವರು, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಮುದುಕರು. ಪವಾಯಿಗೆ ಹೋಗಿ ಬಂದ ಮುಂದಿನ ಭಾನುವಾರ ಅವರು ದೇವಾಲಯದಲ್ಲಿ ಮಲಗುತ್ತಿದ್ದ ಒಬ್ಬ ಹುಡುಗನ ಕಥೆ ಹೇಳಿದರು. ದೇವರು ಅವನನ್ನು ಹೆಸರು ಹಿಡಿದು ಕರೆಯುತ್ತಾನೆ. ಹುಡುಗ, ಪಕ್ಕದಲ್ಲಿ ಮಲಗಿದ ಮುದಿ ಯಾಜಕನೇ ಕರೆದನೆಂದು ಎದ್ದು ಓಡುತ್ತಾನೆ. ನಾನು ಕರೆಯಲಿಲ್ಲ ಹೋಗಿ ಮಲಗು ಎನ್ನುತ್ತಾನೆ ಮುದುಕ. ಹೀಗೇ ಮೂರು ಸಲ. ಆಮೇಲೆ ಮುದುಕನಿಗೆ ಹೊಳೆಯುತ್ತದೆ, ಹುಡುಗನನ್ನು ಕರೆಯುತ್ತಿರುವವನು ಯಾರೆಂದು. ನಮಗೆಲ್ಲ ಸಂಡೇ ಸ್ಕೂಲಿನಿಂದ ಗೊತ್ತಿರುವ ಕಥೆಯೇ. ನಾನು ಹತ್ತಿ ತೆಗೆದಿರಲಿಲ್ಲ. ಅವರ ತುಟಿ ಓದಿಕೊಂಡು ಕೂತಿದ್ದೆ.

ಆರಾಧನೆ ಮುಗಿದು ಹೊರಗೆ ಬಂದರೆ ಮಳೆ. ಯೋನಪ್ಪನವರ ಛತ್ರಿಯೊಳಗೆ ನಿಂತು, ಹತ್ತಿ ತೆಗೆದು, ಇದ್ದದ್ದನ್ನು ಹೇಳಿದೆ. ಎಷ್ಟು ದಿನ ಕೇಳಿದರೂ ದೇವರು ಉತ್ತರ ಕೊಡುತ್ತಿಲ್ಲ ಎಂದೆ. ಎಸ್ತೇರ್ ನನ್ನ ಕೈ ಹಿಡಿದು ನಿಂತಿದ್ದಳು.

"ಸೀಮೋನಾ, ಆ ಹುಡುಗಗ ದೇವ್ರ ದನಿ ಯಾಕ ಗುರ್ತ ಹತ್ತಲಿಲ್ಲ ಹೇಳು" ಎಂದರು.

"ಸಣ್ಣಾಂವ ಇದ್ದ."

"ಅಲ್ಲೋ. ದಿನಾ ಕೇಳೂ ದನಿ ಹಂಗ ಇತ್ತು. ಗುಡುಗಿನಂಗ ಬಂದಿದ್ರ ಅಂವಗೂ ಗುರ್ತ ಹತ್ತತಿತ್ತು. ಮುದುಕಗ ಕಣ್ಣು ಕಾಣ್ತಿದ್ದಿಲ್ಲ. ಅಂಥಾವ ಹೇಳಬೇಕಾತು, ನಿನ್ನ ಕರೀಲಿಕ್ಕ ಹತ್ಯಾರ ಅಂತ. ನಿನಗ ಹೇಳಾವ್ರು ಯಾರದಾರ?"

"ನನಗ ಯಾರೂ ಹೇಳೂದು ಬ್ಯಾಡ್ರಿ. ನನ್ನ ಕಿವಿ ನನಗದಾವ."

ಅವರು ನಕ್ಕರು. "ಹೌದಪಾ, ಮಿಲ್ಲಿನ ಕಿವಿ" ಎಂದು ಎಸ್ತೇರಳ ಗಲ್ಲ ಹಿಡಿದು, "ನಿನ್ನ ಹೆಸರೇನವಾ?" ಎಂದು ಕೇಳಿದರು. ಅವಳು ಹೇಳಿದಳು. ಅವರು ಬಗ್ಗಿ ಇನ್ನೊಮ್ಮೆ ಕೇಳಿದರು. ಅವಳು ಇನ್ನೊಮ್ಮೆ ಹೇಳಿದಳು. ಅವರು ನನ್ನ ಮುಖ ನೋಡಿದರು. ಮಳೆಯ ಸದ್ದಿಗೆ ಮುದುಕರಿಗೆ ಕೇಳಿಸಲಿಲ್ಲ ಎಂದುಕೊಂಡೆ.

ಜುಲೈನಲ್ಲಿ ಮಳೆ ಹಿಡಿದುಕೊಂಡಿತು. ಪರೇಲದ ರಸ್ತೆಯಲ್ಲಿ ಮೊಣಕಾಲುದ್ದ ನೀರು. ಹಳಿ ಮುಳುಗಿ ಲೋಕಲ್ ನಿಂತ ದಿನ ಎಲ್ಲರೂ ನಡೆದೇ ಮಿಲ್ಲಿಗೆ ಹೋದರು. ಅಂಥ ಒಂದು ಮಧ್ಯಾಹ್ನ ಪಾಳಿ ಮುಗಿಸಿ, ತೊಯ್ದು ತೊಪ್ಪೆಯಾಗಿ ಮೆಟ್ಟಿಲು ಹತ್ತಿ ಬರುವಾಗ ಸಾವಂತ್ ಮಾವಶಿ ದಾರಿಗೆ ಅಡ್ಡ ನಿಂತರು. ಕೈಯಲ್ಲಿ ಲಟ್ಟಣಿಗೆ ಇತ್ತು. ತಮ್ಮ ಕಿವಿ ಮುಟ್ಟಿ, ಹತ್ತಿ ತೆಗಿ ಎಂದು ಸನ್ನೆ ಮಾಡಿದರು. ಒಂದು ಕಿವಿಯದು ತೆಗೆದೆ.

"ತುಝೀ ಹುಡುಗಿ ಮಾತು ನಾಹೀ ಕರತ್" ಎಂದರು. ನಿನ್ನ ಹುಡುಗಿ ಮಾತಾಡುವುದಿಲ್ಲ.

"ನನ್ನ ಕೂಡ ಮಾತಾಡತಾಳ ಮಾವಶಿ. ದಿನಾ ಮಾತಾಡತಾಳ."

"ತೋಂಡ್ ಹಲವ್ತೇ, ಆವಾಜ್ ನಾಹೀ" ಎಂದು ತಮ್ಮ ಬಾಯಿಯನ್ನೇ ಮೀನಿನ ಹಾಗೆ ತೆರೆದು ಮುಚ್ಚಿ ತೋರಿಸಿದರು. ಬಾಯಿ ಆಡುತ್ತದೆ, ಸದ್ದಿಲ್ಲ.

"ಕೆಳಗಿನ ಅಜ್ಜಿ ಏನೂ ಅಂದಿಲ್ಲ. ಭಾಳ ಶಾಣೆ ಹುಡುಗಿ, ಗದ್ದಲ ಮಾಡೂದಿಲ್ಲ ಅಂತಾಳ."

"ತೀ ಮ್ಹಾತಾರೀ? ತಿಲಾ ಕಾಯ್! ಗದ್ದಲ ನಾಹೀ, ಛಾನ್ ಝಾಲಂ, ಝೋಪ್ ಕಾಢತೇ!" ಆ ಮುದುಕಿಗೇನು, ಗದ್ದಲ ಇಲ್ಲದಿದ್ದರೆ ನಿದ್ದೆ ಹೊಡೆಯುತ್ತಾಳೆ.

"ನನ್ನ ಮಗಳ ಮಾತು ನನಗ ತಿಳೀತದ" ಎಂದು ಹೇಳಿ ಹತ್ತಿಯನ್ನು ಕಿವಿಗೆ ತುರುಕಿಕೊಂಡು ಒಳಗೆ ಹೋದೆ. ಕೋಣೆಯಲ್ಲಿ ಎಸ್ತೇರಳನ್ನು ಎದುರಿಗೆ ಕೂರಿಸಿಕೊಂಡು, ಮಾವಶಿ ಏನಂದರು ಗೊತ್ತೇನು ಎಂದೆ. ಏನಂದರು ಎಂದಳು. ನೀನು ಮಾತಾಡುವುದಿಲ್ಲವಂತೆ. ಮಾತಾಡತೀನಲ್ಲ, ಎಂದಳು. ಹಾಗಾದರೆ ಸರಿ ಎಂದೆ. ಅನ್ನಕ್ಕೆ ಇಟ್ಟೆ.

ಆಗಸ್ಟಿನಲ್ಲಿ ಅಕ್ಕ ಬಂದಳು. ಬಂದ ಎರಡನೆಯ ದಿನ ನಾನು ಪಾಳಿಯಿಂದ ಬಂದಾಗ ಅವಳು ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದುಕೊಂಡು ಕೂತಿದ್ದಳು.

"ಸೀಮೂ, ಹುಡುಗಿ ಮೂಕಿ ಆಗ್ಯಾಳೋ. ನೀ ಒಬ್ಬಾಂವ ಇಟಗೊಂಡು ಏನ ಮಾಡಿದ್ಯೋ ಆಕಿನ್ನ?"

ನಾನು ಜಗಳಕ್ಕೆ ಹೋಗಲಿಲ್ಲ. ಎರಡೂ ಕಿವಿಯ ಹತ್ತಿ ತೆಗೆದೆ. ಎಸ್ತೇರಳನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಅವಳ ಬೆನ್ನು ನನ್ನ ಕಡೆಗೆ. ದನಿ ತೆಗೆದು, "ಎಸ್ತೇರ್, ನಿಮ್ಮ ಅವ್ವನ ಹೆಸರೇನು?" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವಳ ದವಡೆ ಅಲ್ಲಾಡಿದ್ದು ಹಿಂದಿನಿಂದ ಕಂಡಿತು. ಸದ್ದು ಬರಲಿಲ್ಲ. ನಲ್ಲಿಯ ಹತ್ತಿರ ಯಾರದೋ ಕೊಡ ಉರುಳಿದ ಸದ್ದು ಕೇಳಿಸಿತು, ಕೆಳಗೆ ಹಾಲಿನವನು ಕೂಗಿದ್ದು ಕೇಳಿಸಿತು. ಅವಳದು ಮಾತ್ರ ಇಲ್ಲ.

ನಾನು ನಿತ್ಯ ಮನೆಗೆ ಬಂದು ಬರೀ ತುಟಿ ಆಡಿಸುತ್ತಿದ್ದೆ. ಅಪ್ಪನ ಭಾಷೆ ಇದೇ ಎಂದು ಮಗು ಕಲಿತುಕೊಂಡಿತ್ತು. ನಾನು ಅವಳ ತುಟಿ ಓದುತ್ತಿದ್ದೆ, ಕೇಳಿಸುತ್ತಿದೆ ಎಂದುಕೊಳ್ಳುತ್ತಿದ್ದೆ. ಸಾಂಚಾ ಖಾತೆಯವನಿಗೆ ಎರಡೂ ಒಂದೇ. ತುಟಿ ಓದಿದ ಮಾತು ಅವನ ತಲೆಯೊಳಗೆ ದನಿಯಾಗಿಯೇ ಬರುತ್ತದೆ. ಬೇರೆ ಕೆಲಸದವರಿಗೆ ಇದು ತಿಳಿಯಲಿಕ್ಕಿಲ್ಲ.

ಇಷ್ಟು ಗೊತ್ತಾದ ಮೇಲೂ ನನಗೆ ಏನೂ ಆಗಲಿಲ್ಲ. ಎದೆ ಒಡೆಯಲಿಲ್ಲ. ಓ, ಇದೇ ಉತ್ತರ, ಎಂದು ಅನಿಸಿತು ಅಷ್ಟೆ. ನಾನು ಕೇಳಿದ್ದೆ, ಇಡಲೋ ಕೊಡಲೋ ಎಂದು. ಕೊಡು ಎಂದು ಕರ್ತನು ತೋರಿಸಿಕೊಟ್ಟ. ನನ್ನ ಹತ್ತಿರ ಇದ್ದರೆ ಹುಡುಗಿ ಮೂಕಿಯಾಗುತ್ತಾಳೆ, ಹೆಂಗಸರಿರುವ ಮನೆಗೆ ಹೋಗಲಿ. ಅಕ್ಕನಿಗೆ ಹಾಗೆಯೇ ಹೇಳಿದೆ. "ದೇವ್ರು ನಿನಗ ಬುದ್ಧಿ ಕೊಟ್ಟ" ಎಂದು ಅವಳು ಕೈ ಮುಗಿದಳು. ಆ ವಾರವೇ ಹೊರಡುವುದೆಂದು ಆಯಿತು. ಬಟ್ಟೆಯೆಲ್ಲ ಅಕ್ಕನ ಟ್ರಂಕಿಗೆ ತುಂಬಿದೆವು. ಅವಳ ಸೀರೆಗಳ ಮೇಲೆ ಎಸ್ತೇರಳ ಫ್ರಾಕುಗಳು. ಎಲ್ಲಿಗೆ ಹೋಗೂದು ಎಂದು ಮಗಳು ಕೇಳಿದಳು. ಅತ್ತೀ ಮನಿಗೆ, ಎಂದೆ. ನೀನೂ? ಎಂದಳು. ನಾನು ಆ ಕಡೆ ತಿರುಗಿ ಹಗ್ಗ ಕಟ್ಟಿದೆ.

ಹೊರಡುವ ದಿನ ಮೊದಲ ಪಾಳಿಯಲ್ಲಿ ಅರ್ಧ ದಿನ ದುಡಿದು, ಜಾಬರನಿಗೆ ಹೇಳಿ ಹೊರಬಿದ್ದೆ. ಗಾಡಿ ಮಧ್ಯಾಹ್ನ. ಪುಣೆಗೆ ಹೋಗಿ ಅಲ್ಲಿಂದ ಮುಂದಿನ ಗಾಡಿ ಹಿಡಿಯಬೇಕು. ಲೋವರ್ ಪರೇಲದಿಂದ ಲೋಕಲಿನಲ್ಲಿ ದಾದರಿಗೆ ಬಂದೆವು. ಅಲ್ಲಿ ಸೇತುವೆ ಹತ್ತಿ ಆ ಬದಿಗೆ ಇಳಿಯಬೇಕು. ಹಮಾಲ ಬಂದ. ಬೇಡ ಎಂದು ಟ್ರಂಕನ್ನು ನಾನೇ ತಲೆಯ ಮೇಲೆ ಇಟ್ಟುಕೊಂಡೆ. ನನ್ನ ಮನೆಯ ಭಾರವನ್ನು ಬೇರೆಯವರು ಹೊತ್ತದ್ದಿಲ್ಲ. ಅಕ್ಕನ ಒಂದು ಕೈಯಲ್ಲಿ ಬುತ್ತಿಯ ಗಂಟು, ಛತ್ರಿ. ಇನ್ನೊಂದು ಕೈಯಲ್ಲಿ ಎಸ್ತೇರ್. ನಾನು ಮುಂದೆ, ಅವರು ಹಿಂದೆ.

ಸೇತುವೆಯ ಮೇಲೆ ಜನ ಒಬ್ಬರ ಮೈಗೊಬ್ಬರು ಅಂಟಿಕೊಂಡು ಹೋಗುತ್ತಿದ್ದರು. ಮಳೆಯಿಂದ ಗಾಡಿಗಳು ತಡವಾಗಿ ಎರಡು ಗಾಡಿಯ ಜನ ಒಮ್ಮೆಗೇ ನುಗ್ಗಿದ್ದರು. ತಲೆಯ ಮೇಲೆ ಟ್ರಂಕಿದ್ದವನಿಗೆ ಹಿಂದೆ ನೋಡಲಾಗದು. ಕತ್ತು ಬಿಗಿಹಿಡಿದು ಮುಂದೆ ಮುಂದೆ ಹೋದೆ. ಇಳಿಯುವ ಮೆಟ್ಟಿಲ ಹತ್ತಿರ ಬಂದಿದ್ದೆ. ಎದುರಿನಿಂದ ಮೀನಿನ ಬುಟ್ಟಿ ಹೊತ್ತ ಒಬ್ಬ ಬೆಸ್ತರ ಹೆಂಗಸು ಹತ್ತಿ ಬರುತ್ತಿದ್ದಳು. ನನ್ನ ಮುಂದೆ ನಿಂತು ಬಾಯಿ ತೆರೆದು ಏನೋ ಹೇಳಿದಳು. ದಾರಿ ಬಿಡು ಎನ್ನುತ್ತಿದ್ದಾಳೆ ಎಂದು ಪಕ್ಕಕ್ಕೆ ಸರಿದೆ. ಅವಳು ಹೋಗಲಿಲ್ಲ. ಒದ್ದೆ ಕೈಯಿಂದ ನನ್ನ ರಟ್ಟೆ ಹಿಡಿದು ಅಲ್ಲಾಡಿಸಿದಳು. ಅವಳ ತುಟಿ ಓದಿದೆ.

"ಅರೇ, ತುಝೀ ಪೋರ್ಗೀ ಹಾಕಾ ಮಾರ್ತೇ! ಬಹಿರಾ ಆಹೇಸ್ ಕಾ?"

ನಿನ್ನ ಹುಡುಗಿ ಕೂಗುತ್ತಿದ್ದಾಳೆ. ಕಿವುಡನೇನು?

ನಾನು ಟ್ರಂಕಿನ ಸಮೇತ ತಿರುಗಿದೆ. ಅಷ್ಟು ದೂರದಲ್ಲಿ ಸೇತುವೆಯ ಕಟಾಂಜನ ಹಿಡಿದುಕೊಂಡು ಎಸ್ತೇರ್ ನಿಂತಿದ್ದಳು. ಅಕ್ಕನ ಕೈ ತಪ್ಪಿತ್ತು. ಬಾಯಿ ಅಗಲವಾಗಿ ತೆರೆದಿತ್ತು. ಅಪ್ಪಾ ಎಂಬುದನ್ನು ತುಟಿಯಲ್ಲಿ ಓದಿದೆ. ಅದು ನಿತ್ಯ ಓದುತ್ತಿದ್ದುದೇ. ಆದರೆ ಅವತ್ತು ಇನ್ನೊಂದು ಕಂಡಿತು. ಸೇತುವೆಯ ಮೇಲಿನ ಮುಖಗಳೆಲ್ಲ ಅವಳ ಕಡೆಗೆ ತಿರುಗಿದ್ದವು. ಕಚೇರಿಯವರು, ಹಮಾಲರು, ಡಬ್ಬಾ ಹೊತ್ತವರು, ಯಾರಿಗೂ ನಿಲ್ಲಲು ಹೊತ್ತಿಲ್ಲದವರು, ಎಲ್ಲರೂ ಅವಳನ್ನು ನೋಡುತ್ತಿದ್ದರು. ಅಂದರೆ ಸದ್ದು ಬರುತ್ತಿತ್ತು. ಅವಳು ದನಿ ತೆಗೆದಿದ್ದಳು. ಹೋಗುತ್ತಿರುವ ಬೆನ್ನಿಗೆ ತುಟಿ ಆಡಿಸಿ ಪ್ರಯೋಜನವಿಲ್ಲ ಎಂದು ಅವಳಿಗೆ ತಿಳಿದಿತ್ತು. ಅದು ಕೇಳಿಸದೆ ಇದ್ದವನು ಆ ಸೇತುವೆಯ ಮೇಲೆ ನಾನೊಬ್ಬನೇ.

ಟ್ರಂಕನ್ನು ಅಲ್ಲೇ ಇಳಿಸಿದೆ. ಜನ ಬೈದರು. ಕಿವಿಗೆ ಬೆರಳು ಹಾಕಿ ಎರಡೂ ಕಡೆಯ ಹತ್ತಿ ಕಿತ್ತೆ. ಆಗ ಕೇಳಿಸಿತು. ತೆಳ್ಳಗೆ, ಒಡೆದ ದನಿ. ತಿಂಗಳುಗಟ್ಟಲೆ ಬಳಸದೆ ತುಕ್ಕು ಹಿಡಿದದ್ದು. ಅಪ್ಪಾ, ಅಪ್ಪಾ, ಅಪ್ಪಾ ಎಂದು ನಿಲ್ಲಿಸದೆ.

"ಓ" ಎಂದೆ. ದನಿ ತೆಗೆದು, "ಓ, ಇಲ್ಲಿದೀನಿ" ಎಂದು ಕೂಗಿದೆ.

ಮೀನಿನವಳು ಅಷ್ಟು ಹೊತ್ತೂ ನಿಂತಿದ್ದಳು. ಬುಟ್ಟಿಯ ನೀರು ನನ್ನ ಹೆಗಲ ಮೇಲೆ ಸೋರುತ್ತಿತ್ತು. "ಆತಾ ಐಕಲಂಸ್ ಕಾ?" ಎಂದಳು. ಈಗ ಕೇಳಿಸಿತೇ? ಹೂಂ ಎಂದೆ. ಅವಳು ತನ್ನ ದಾರಿ ಹಿಡಿದಳು.

ಕೆಳಗಿನ ಪ್ಲಾಟ್‌ಫಾರ್ಮಿನಲ್ಲಿ ಹಗ್ಗ ಬಿಚ್ಚಿ, ಟ್ರ‍ಂಕಿನ ಮೇಲಿನ ಫ್ರಾಕುಗಳನ್ನು ತೆಗೆದು ಟವೆಲಿನಲ್ಲಿ ಗಂಟು ಕಟ್ಟಿಕೊಂಡೆ. ಅಕ್ಕ ಅಳುತ್ತ, ಸಿಟ್ಟಾಗುತ್ತ, "ನಿನಗ ಹುಚ್ಚು ಹಿಡದದೇನೋ? ದೇವ್ರು ತೋರಿಸಿದ ಅಂದಿ, ಈಗ ಇದೇನು?" ಎಂದಳು. "ನನಗ ತಪ್ಪು ಕೇಳಿಸಿತ್ತು ಅಕ್ಕಾ" ಎಂದೆ. ಗಾಡಿ ಬಂದಾಗ ಅವಳನ್ನು ಹತ್ತಿಸಿ, ಟ್ರಂಕನ್ನು ಬೆಂಚಿನ ಕೆಳಗೆ ಸರಿಸಿ ಕೊಟ್ಟೆ. ಎರಡು ವರ್ಷ ಅವಳು ನನ್ನ ಜೊತೆ ಮಾತು ಬಿಟ್ಟಳು.

ತಿರುಗಿ ಬರುವಾಗ ಲೋಕಲಿನಲ್ಲಿ ಎಸ್ತೇರ್ ನನ್ನ ತೊಡೆಯ ಮೇಲೆ ಕೂತು, ಮತ್ತೆ ಮೊದಲಿನ ಹಾಗೆ ಮುಖ ನೋಡಿ ತುಟಿ ಆಡಿಸಿದಳು. ಓದಬಾರದೆಂದು ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದೆ. ಅಂಗಿ ಜಗ್ಗಿದಳು. ತಿರುಗಲಿಲ್ಲ. ಗಲ್ಲ ಹಿಡಿದು ಎಳೆದಳು. ತಿರುಗಲಿಲ್ಲ. ಎಲ್ಫಿನ್‌ಸ್ಟನ್ ರೋಡ್ ಬಂದು ಹೋಯಿತು. ಆಮೇಲೆ ನನ್ನ ಕಿವಿಯ ಹತ್ತಿರ, "ಅಪ್ಪಾ, ಹಸಿವಿ" ಎಂಬ ದನಿ ಬಂತು. ನಾನೂ ಆ ಮಳೆಗಾಲವೆಲ್ಲ ತುಟಿಯಲ್ಲೇ ಪ್ರಾರ್ಥನೆ ಮಾಡಿದ್ದೆ. ಕರ್ತನೂ ಮುಖ ಆ ಕಡೆ ಮಾಡಿ ಕಾಯುತ್ತಿದ್ದನೋ ಏನೋ. ಅಷ್ಟೇ ಯೋಚಿಸಿದೆ. ಸ್ಟೇಶನ್ ಬಂತು, ಇಳಿದೆವು.

ಅಂದೇ ಸಾಯಂಕಾಲ ಸಾವಂತ್ ಮಾವಶಿಯ ಬಾಗಿಲಿಗೆ ಹೋಗಿ ನಿಂತೆ. ಅವರು ಅಕ್ಕಿ ಆರಿಸುತ್ತಿದ್ದರು. ಟ್ರಂಕು ಹೊತ್ತದ್ದಕ್ಕಿಂತ ಅಲ್ಲಿ ನಿಲ್ಲುವುದು ಭಾರವಾಗಿತ್ತು. ಅಷ್ಟು ವರ್ಷ ಯಾರ ಬಾಗಿಲಲ್ಲೂ ಏನನ್ನೂ ಕೇಳಿದವನಲ್ಲ.

"ಮಾವಶಿ" ಎಂದೆ. "ನಾಳಿಂದ ಎಸ್ತೇರನ್ನ ನಿಮ್ಮ ಹತ್ರ ಬಿಡಲೇನ್ರಿ?"

ಅವರು ಮೊರ ಕೆಳಗಿಟ್ಟು, ನನ್ನ ಕಾಲಿಗೆ ಅಂಟಿ ನಿಂತಿದ್ದ ಹುಡುಗಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಬಿಡು" ಎಂದರು. "ಪಣ್ ಸಾಖರ್ ಆಣೂ ನಕೋ."

ಸಕ್ಕರೆ ತರಬೇಡ. ತರಲಿಲ್ಲ.

ಇದೆಲ್ಲ ಆದ ಮೇಲೆ ನನ್ನ ಎದೆ ಹಗುರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮರಗಟ್ಟಿದ್ದು ಹಾಗೆಯೇ ಇತ್ತು, ಮುಂದಿನ ಮಳೆಗಾಲದವರೆಗೂ. ಮಾಡಿದ್ದಿಷ್ಟೇ. ಮಿಲ್ಲಿನ ಬಾಗಿಲು ದಾಟಿದೊಡನೆ ಹತ್ತಿ ತೆಗೆದು ಗಟಾರಕ್ಕೆ ಎಸೆಯತೊಡಗಿದೆ. ನಿಶ್ಶಬ್ದ ಹುಡುಕಿಕೊಂಡು ಮತ್ತೆ ಪವಾಯಿಗೆ ಹೋಗಲಿಲ್ಲ. ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ನಿಂತಾಗಲೇ ಮೆಲ್ಲಗೆ ದನಿ ತೆಗೆದು ಪ್ರಾರ್ಥನೆ ಮಾಡುತ್ತಿದ್ದೆ. ಹಿಂದಿನವನು "ಕೊಡ ಸರಿಸೋ" ಎಂದರೆ ಸರಿಸುತ್ತಿದ್ದೆ, ಅದೂ ಒಂದು ಮಾತೇ ಎಂದು. ಸಾಂಚಾ ಓಡಿಸುವಾಗ ಆಗಾಗ ತಲೆ ಎತ್ತಿ ಸುತ್ತಲಿನ ಮುಖ ನೋಡುವ ಅಭ್ಯಾಸವೂ ಬಂತು. ಯಾರಾದರೂ ನನ್ನ ಹಿಂದೆ ಏನನ್ನೋ ನೋಡುತ್ತಿದ್ದರೆ ತಿರುಗಿ ನೋಡುತ್ತಿದ್ದೆ. ಯೋನಪ್ಪನವರಿಗೆ ದಾದರಿನದನ್ನು ಹೇಳಿದಾಗ ಅವರು ಉಪದೇಶವೇನೂ ಕೊಡಲಿಲ್ಲ. "ಮೀನ ಏನ ಇತ್ತೋ ಬುಟ್ಟ್ಯಾಗ?" ಎಂದು ಕೇಳಿದರು. ಬೊಂಬಿಲ್ ಎಂದೆ. "ಛಲೋ ಮೀನ" ಎಂದರು.

ಮಿಲ್ಲು ಈಗಿಲ್ಲ. ಮಾವಶಿಯೂ ಇಲ್ಲ, ಯೋನಪ್ಪನವರೂ ಇಲ್ಲ. ನನ್ನ ಬಳಿ ಈಗ ಇರುವುದಿಷ್ಟು. ಅಂಧೇರಿಯಲ್ಲಿ ಮಗಳ ಮನೆಯ ಒಂದು ಕೋಣೆ, ಒಂದು ಮಂಚ, ರಸ್ತೆಯ ಕಡೆಗೆ ಒಂದು ಕಿಟಕಿ. ಶಾಂತಳ ಒಂದು ಫೋಟೊ. ಅವ್ವನ ಸತ್ಯವೇದ ಒಂದು. ನಾಲ್ಕು ಅಂಗಿ, ಮೂರು ಪಾಯಜಾಮ. ಪೂರ್ತಿ ಹೋದ ಕಿವಿ ಒಂದು, ಅರ್ಧ ಉಳಿದದ್ದು ಒಂದು. ಮಗಳು ಒಬ್ಬಳು, ಮೊಮ್ಮಗಳು ಒಬ್ಬಳು. ಊಟದ ಹೊತ್ತಿಗೆ ಎಸ್ತೇರ್ ಅಡಿಗೆಮನೆಯಿಂದ ಕೂಗುತ್ತಾಳಂತೆ, ಇಡೀ ಬಿಲ್ಡಿಂಗಿಗೆ ಕೇಳಿಸುವ ಹಾಗೆ. ನನಗೆ ಕೇಳಿಸುವುದಿಲ್ಲ. ಮೊಮ್ಮಗಳು ಬಂದು ಹೆಗಲು ಮುಟ್ಟಿ, "ಅಜ್ಜಾ, ನಿಮಗೆ ಕರೀತಾ ಇದ್ದಾರೆ" ಎನ್ನುತ್ತಾಳೆ. ಎದ್ದು ಹೋಗುತ್ತೇನೆ.